ಹೊಸ ಆಸ್ಪತ್ರೆಗೆ ಸೇರಿದ ವೈದ್ಯರಿಗೆ ಕೆಲಸದ ಖುಷಿ ಎಲ್ಲಿಂದ ಬರಬೇಕು?

ಪ್ರಶ್ನೆ: ಹೊಸಪಾಳಿ

ಜನರಲ್ ಮೆಡಿಸಿನ್ ವಿಭಾಗದಲ್ಲಿ ಹೊಸ ಹುದ್ದೆ. ಬೆಳಿಗ್ಗೆ ವಾರ್ಡ್ ರೌಂಡ್ಸ್, ಆಮೇಲೆ ಒಪಿಡಿ, ನಡುನಡುವೆ ರಾತ್ರಿ ಪಾಳಿ. ಸಂಬಳದ ಬಗ್ಗೆ ತಕರಾರಿಲ್ಲ, ಸೀನಿಯರ್‌ಗಳು ಒಳ್ಳೆಯವರು, ಯಾರಿಂದಲೂ ಕಿರುಕುಳವಿಲ್ಲ. ಹಾಗಿದ್ದೂ ಡ್ಯೂಟಿ ಮುಗಿದಾಗ ಇವತ್ತು ಏನೂ ಮಾಡಲೇ ಇಲ್ಲವೇನೋ ಅನ್ನಿಸುತ್ತದೆ. ಹಳೆಯ ಕೆಲಸದಲ್ಲಿ ಇದಕ್ಕಿಂತ ಹೆಚ್ಚು ರೋಗಿಗಳಿದ್ದರೂ ಹೀಗೆ ಅನ್ನಿಸುತ್ತಿರಲಿಲ್ಲ.

ಕೇಳಬೇಕಾದದ್ದು ಇಷ್ಟು. ಇದು ಹೊಸ ಜಾಗದ ಸಹಜ ಸುಸ್ತೋ, ಕೆಲಸವೇ ಹೊಂದುತ್ತಿಲ್ಲವೋ ಎಂದು ಗೊತ್ತುಮಾಡಿಕೊಳ್ಳುವುದು ಹೇಗೆ? ಮೊದಲ ಕೆಲವು ತಿಂಗಳಲ್ಲಿ ನಾವಾಗಿಯೇ ಬದಲಾಯಿಸಬಹುದಾದ ಸಂಗತಿಗಳು ಯಾವುವು? ಕಂಪ್ಯೂಟರ್ ಮುಂದೆ ಕಳೆಯುವ ಹೊತ್ತನ್ನು ಕಡಿಮೆ ಮಾಡಲು ದಾರಿ ಇದೆಯೇ? "ಪಾಸಿಟಿವ್ ಆಗಿರಿ, ಎಲ್ಲ ಸರಿಹೋಗುತ್ತೆ" ಎನ್ನುವ ಮಾತು ಬೇಕಾದಷ್ಟು ಸಿಕ್ಕಿದೆ. ಮಾಡಿ ನೋಡಬಹುದಾದದ್ದನ್ನು ಹೇಳಿ.

ಉತ್ತರ 1: ವಾರ್ಡ್‌ಟಿಪ್ಪಣಿ

ಹಳೆಯ ಜಾಗದಲ್ಲಿ ರೋಗಿಗಳು ಹೆಚ್ಚಿದ್ದರೂ ತೃಪ್ತಿ ಇತ್ತು ಅಂದಿರಿ. ಹಾಗಾದರೆ ಇದು ಹೊರೆಯ ಸಮಸ್ಯೆ ಅಲ್ಲ. ನಮ್ಮ ವೃತ್ತಿಯಲ್ಲಿ ಖುಷಿ ಹುಟ್ಟುವುದು ಮಾಡಿದ ಕೆಲಸದ ಫಲ ಕಣ್ಣಿಗೆ ಬಿದ್ದಾಗ. ಔಷಧ ಬದಲಿಸಿದ ಹೃದಯ ವೈಫಲ್ಯದ ರೋಗಿ ಮೂರು ವಾರ ಕಳೆದು ಕಾಲಿನ ಬಾವು ಇಳಿದು ಬರುತ್ತಾರೆ. ಎರಡು ತಿಂಗಳ ಹಿಂದಿನ ನಮ್ಮ ನಿರ್ಧಾರವನ್ನು ನೆನಪಿಟ್ಟುಕೊಂಡ ನರ್ಸ್ "ಇವರಿಗೂ ಹಾಗೇ ಮಾಡೋಣವೇ" ಎಂದು ಕೇಳುತ್ತಾರೆ. ಕಷ್ಟದ ಕೇಸ್ ಬಂದಾಗ ಪಕ್ಕದ ವಿಭಾಗದವರು ನಮ್ಮ ಹೆಸರು ಹಿಡಿದು ಕರೆಯುತ್ತಾರೆ. ಹುದ್ದೆ ಬದಲಿಸಿದ ದಿನವೇ ಈ ಎಳೆಗಳೆಲ್ಲ ಒಟ್ಟಿಗೆ ಕಡಿಯುತ್ತವೆ. ಕೌಶಲ ಅಷ್ಟೇ ಇರುತ್ತದೆ, ಅದರ ಫಲ ಮಾತ್ರ ಕಾಣುವುದಿಲ್ಲ. ಎಳೆಗಳು ತಾವಾಗಿಯೇ ಕೂಡಿಕೊಳ್ಳಲಿ ಎಂದು ಕಾದರೆ ಬಹಳ ತಡವಾಗುತ್ತದೆ. ಕೆಲವನ್ನು ಬೇಕೆಂದೇ ಕಟ್ಟಿಕೊಳ್ಳಬೇಕು.

ಇದರ ಜೊತೆಗೆ ಸುಸ್ತಿನ ಇನ್ನೊಂದು ಮೂಲವಿದೆ. ಹಳೆಯ ಆಸ್ಪತ್ರೆಯಲ್ಲಿ ಯೋಚಿಸದೆ ಆಗುತ್ತಿದ್ದ ನೂರಾರು ಸಣ್ಣ ಕೆಲಸಗಳಿಗೆ ಈಗ ಗಮನ ಕೊಡಬೇಕಾಗುತ್ತದೆ. ಸಿಟಿ ಸ್ಕ್ಯಾನ್‌ಗೆ ಯಾರಿಗೆ ಫೋನ್ ಮಾಡಬೇಕು, ಐಸಿಯುಗೆ ಕಳಿಸಲು ಒಪ್ಪಿಗೆ ಯಾರದ್ದು, ಸಂಜೆಯ ರಕ್ತಪರೀಕ್ಷೆಯ ಸ್ಯಾಂಪಲ್ ಎಷ್ಟು ಗಂಟೆಯೊಳಗೆ ಲ್ಯಾಬ್ ತಲುಪಬೇಕು. ಇದು ವೈದ್ಯಕೀಯ ಜ್ಞಾನವಲ್ಲ, ಆ ಕಟ್ಟಡದ ಜ್ಞಾನ. ಇದರ ಕೊರತೆಯನ್ನು ಹೊಸಬರು "ನನಗೆ ಕೆಲಸ ಬರುವುದಿಲ್ಲ" ಎಂದು ಓದಿಕೊಳ್ಳುತ್ತಾರೆ. ಇಂಪೋಸ್ಟರ್ ಭಾವನೆ ಎಂದು 1978ರಲ್ಲಿ ಮನಶ್ಶಾಸ್ತ್ರಜ್ಞರಾದ ಕ್ಲಾನ್ಸ್ ಮತ್ತು ಐಮ್ಸ್ ವಿವರಿಸಿದ್ದು, ಅರ್ಹತೆ ಇದ್ದೂ ತಾನು ಅರ್ಹನಲ್ಲ ಅನ್ನಿಸುವ ಈ ಸ್ಥಿತಿಯನ್ನೇ. ಹುದ್ದೆ ಬದಲಿಸಿದ ಮೊದಲ ತಿಂಗಳುಗಳು ಅದಕ್ಕೆ ಹೇಳಿ ಮಾಡಿಸಿದ ಕಾಲ.

ಪರಿಹಾರ ಸರಳ, ಆದರೆ ಕೂತು ಮಾಡಬೇಕು. ಎರಡು ವಾರದೊಳಗೆ ಜೇಬಿನಲ್ಲಿ ಹಿಡಿಯುವ ಒಂದು ಹಾಳೆ ತಯಾರಿಸಿ. ಅದರಲ್ಲಿ ಇರಬೇಕಾದದ್ದು: ಲ್ಯಾಬ್, ರೇಡಿಯಾಲಜಿ, ಬ್ಲಡ್ ಬ್ಯಾಂಕ್, ಫಾರ್ಮಸಿ, ಆನ್-ಕಾಲ್ ಸರ್ಜನ್, ಅರಿವಳಿಕೆ ತಜ್ಞರ ಒಳಸಂಖ್ಯೆಗಳು, ರಾತ್ರಿ ಎಂಡೋಸ್ಕೋಪಿ, ಡಯಾಲಿಸಿಸ್ ಸಿಗುತ್ತದೋ ಇಲ್ಲವೋ, ಸಿಗದಿದ್ದರೆ ರೋಗಿ ಎಲ್ಲಿಗೆ ಹೋಗಬೇಕು, ಅಪಾಯದ ಮಟ್ಟದ ಲ್ಯಾಬ್ ಫಲಿತಾಂಶವನ್ನು ಯಾರು ಯಾರಿಗೆ ತಿಳಿಸುತ್ತಾರೆ, ಆ ಆಸ್ಪತ್ರೆಯ ಆ್ಯಂಟಿಬಯೋಟಿಕ್ ಪಾಲಿಸಿ, ಭಾರೀ ರಕ್ತಸ್ರಾವವಾದಾಗ ಯಾವ ಪದ ಹೇಳಿದರೆ ಬ್ಲಡ್ ಬ್ಯಾಂಕ್ ತಕ್ಷಣ ಚುರುಕಾಗುತ್ತದೆ. ಡಿಸ್ಚಾರ್ಜ್ ಕಾಗದ ಎಷ್ಟು ಹೊತ್ತಿನೊಳಗೆ ಸಹಿಯಾದರೆ ರೋಗಿ ಅದೇ ದಿನ ಮನೆಗೆ ಹೋಗಬಹುದು ಎನ್ನುವುದನ್ನೂ ಬರೆದುಕೊಳ್ಳಿ. ಇದನ್ನು ತಿಳಿಯದೆ ಸಂಜೆ ಪೂರ್ತಿ ರೋಗಿಯ ಮನೆಯವರ ಸಿಟ್ಟಿಗೆ ಸಿಕ್ಕುವ ಹೊಸಬರು ಬಹಳ ಮಂದಿ.

ತುರ್ತು ಟ್ರಾಲಿಯನ್ನು ತುರ್ತು ಬರುವ ಮೊದಲೇ ನರ್ಸ್ ಜೊತೆ ನಿಂತು ತೆರೆದು ನೋಡಿ. ಯಾವ ಖಾನೆಯಲ್ಲಿ ಅಡ್ರಿನಲಿನ್ ಇದೆ, ಯಾವುದರಲ್ಲಿ ಲ್ಯಾರಿಂಗೋಸ್ಕೋಪ್ (ಗಂಟಲೊಳಗೆ ನೋಡುವ ಉಪಕರಣ) ಇದೆ, ಅದರ ಬಲ್ಬ್ ಹೊತ್ತುತ್ತದೆಯೇ, ಸಕ್ಷನ್ ಎಳೆಯುತ್ತದೆಯೇ. ಹೃದಯಕ್ಕೆ ಶಾಕ್ ಕೊಡುವ ಯಂತ್ರ, ಡಿಫಿಬ್ರಿಲೇಟರ್, ಹಳೆಯ ಜಾಗದ್ದೇ ಇರಲಿಕ್ಕಿಲ್ಲ. ಬೈಫೇಸಿಕ್ (ಎರಡೂ ದಿಕ್ಕಿನಲ್ಲಿ ವಿದ್ಯುತ್ ಹರಿಸುವ) ಯಂತ್ರಗಳಲ್ಲಿ ಮೊದಲ ಶಾಕ್‌ನ ಪ್ರಮಾಣ ತಯಾರಕರನ್ನು ಅವಲಂಬಿಸಿ 120ರಿಂದ 200 ಜೂಲ್‌ವರೆಗೆ ಬೇರೆ ಬೇರೆ ಇರುತ್ತದೆ. ಹದಿನೈದು ನಿಮಿಷದ ಕೆಲಸ ಇದು. ಮೊದಲ ರಾತ್ರಿ ಪಾಳಿಯ ಭಯದ ದೊಡ್ಡ ಪಾಲು ಇಲ್ಲೇ ಇಳಿದುಹೋಗುತ್ತದೆ.

ಇನ್ನು ವಾರ್ಡ್ ಇನ್-ಚಾರ್ಜ್ ನರ್ಸ್ ಹತ್ತಿರ ಎರಡೇ ಪ್ರಶ್ನೆ ಕೇಳಿ. "ಇಲ್ಲಿಗೆ ಬಂದ ಹೊಸ ವೈದ್ಯರು ಸಾಮಾನ್ಯವಾಗಿ ಎಲ್ಲಿ ಎಡವುತ್ತಾರೆ?" ಮತ್ತು "ನಿಮಗೆ ನನ್ನಿಂದ ಯಾವ ಮಾಹಿತಿ ಎಷ್ಟು ಹೊತ್ತಿಗೆ ಸಿಕ್ಕರೆ ನಿಮ್ಮ ಕೆಲಸ ಸುಲಭ?" ಎರಡನೆಯ ಪ್ರಶ್ನೆಗೆ ಬರುವ ಉತ್ತರವನ್ನು ಒಂದು ವಾರ ತಪ್ಪದೆ ಪಾಲಿಸಿ. ಆ ವಾರ್ಡಿನಲ್ಲಿ ನಿಮ್ಮ ಸ್ಥಾನ ಬದಲಾಗುತ್ತದೆ.

ಸಹಜ ಸುಸ್ತೋ, ಹೊಂದಿಕೆಯ ಕೊರತೆಯೋ? ಇದಕ್ಕೆ ಕೆಲಸದ ಬಳಲಿಕೆಯನ್ನು ಅಧ್ಯಯನ ಮಾಡಿದ ಮಾಸ್ಲಾಕ್ ಮತ್ತು ಲೈಟರ್ ಕೊಟ್ಟ ಆರು ಅಂಶಗಳ ಚೌಕಟ್ಟು ಒಳ್ಳೆಯ ಅಳತೆ: ಕೆಲಸದ ಹೊರೆ, ನಿರ್ಧಾರದ ಮೇಲಿನ ಹಿಡಿತ, ಮನ್ನಣೆ, ಜೊತೆಗಾರರು, ನ್ಯಾಯ, ಮೌಲ್ಯ. ಪ್ರತಿ ತಿಂಗಳ ಕೊನೆಗೆ ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ ಕೊಟ್ಟು ದಿನಾಂಕ ಹಾಕಿಡಿ. ಹಿಡಿತ, ಮನ್ನಣೆ, ಜೊತೆಗಾರರು ಎಂಬ ಮೂರರಲ್ಲಿ ಅಂಕ ಕಡಿಮೆಯಿದ್ದು ನಿಧಾನವಾಗಿ ಏರುತ್ತಿದ್ದರೆ ಅದು ಹೊಸತನದ ಕಥೆ. ನ್ಯಾಯ ಮತ್ತು ಮೌಲ್ಯದ ಅಂಕ ಕೆಳಗಿದ್ದು ಅಲ್ಲೇ ನಿಂತಿದ್ದರೆ, ಅಥವಾ ಇನ್ನೂ ಇಳಿಯುತ್ತಿದ್ದರೆ, ಕಾಲ ಕಳೆದ ಮಾತ್ರಕ್ಕೆ ಅದು ಸರಿಹೋಗುವುದು ಅಪರೂಪ.

ಉತ್ತರ 2: ಒಪಿಡಿಮೇಜು

ಮೇಲಿನ ಉತ್ತರದಲ್ಲಿ ಫಲ ಕಣ್ಣಿಗೆ ಬೀಳಬೇಕು ಎಂದಿದೆಯಲ್ಲ, ಅದನ್ನು ಒಪಿಡಿಯಲ್ಲಿ ಮಾಡುವುದು ಹೇಗೆಂದು ಹೇಳುತ್ತೇನೆ. ಹೊಸ ಒಪಿಡಿಯ ಮುಖ್ಯ ಕೊರತೆ ಫಾಲೋ ಅಪ್ ರೋಗಿಗಳಿಲ್ಲದಿರುವುದು. ಬರುವವರೆಲ್ಲ ಮೊದಲ ಸಲದವರು, ಇಲ್ಲವೇ ಹಿಂದಿನ ವೈದ್ಯರ ರೋಗಿಗಳು. ಹೀಗಾಗಿ ದಿನವಿಡೀ ಶುರುಮಾಡುವುದೇ ಆಗುತ್ತದೆ, ಯಾವುದೂ ಮುಗಿದದ್ದು ಕಾಣುವುದಿಲ್ಲ.

ಪ್ರತಿ ವಾರ ಐದು ರೋಗಿಗಳನ್ನು ಆರಿಸಿ. ಎಲ್ಲರೂ ಕಷ್ಟದ ಕೇಸ್ ಆಗಬೇಕಿಲ್ಲ. ಒಬ್ಬರು ರೋಗನಿರ್ಣಯ ಖಚಿತವಾಗದವರು, ಒಬ್ಬರು ಔಷಧ ಬದಲಿಸಿದವರು, ಒಬ್ಬರು ಬೇರೆ ವಿಭಾಗಕ್ಕೆ ಕಳಿಸಿದವರು, ಒಬ್ಬರು ವಾರ್ಡಿನಿಂದ ಮನೆಗೆ ಹೋದವರು, ಇನ್ನೊಬ್ಬರು ನಿಮ್ಮ ಮನಸ್ಸಿನಲ್ಲಿ ಉಳಿದವರು. ಆಸ್ಪತ್ರೆಯ ವ್ಯವಸ್ಥೆಯೊಳಗೇ, ಗೋಪ್ಯತೆ ಮುರಿಯದಂತೆ, ಅವರ ದಾಖಲೆ ಸಂಖ್ಯೆಗಳ ಪಟ್ಟಿ ಇಡಿ. ಸ್ವಂತ ಮೊಬೈಲಿನಲ್ಲಿ ಬೇಡ. ಪ್ರತಿಯೊಬ್ಬರ ಮುಂದೆ ಒಂದೇ ವಾಕ್ಯ ಬರೆಯಿರಿ: ಏನಾಗುತ್ತದೆ ಎಂದು ನನ್ನ ಅಂದಾಜು. ಮೂರು ವಾರದ ನಂತರ ದಾಖಲೆ ತೆರೆದು ಏನಾಯಿತೆಂದು ನೋಡಿ. ಅಂದಾಜು ಸರಿಯಾದರೆ ಕೆಲಸದ ಫಲ ಕಂಡಿತು, ತಪ್ಪಾದರೆ ಕಲಿಕೆ ಸಿಕ್ಕಿತು. ಎರಡರಲ್ಲೂ ಕೇಸ್ ಒಂದು ದಡ ಮುಟ್ಟುತ್ತದೆ. ಬೇರೆ ವಿಭಾಗಕ್ಕೆ ಕಳಿಸಿದ ರೋಗಿಯ ಬಗ್ಗೆ ಆ ತಜ್ಞರಿಗೆ ಫೋನ್ ಮಾಡಿ "ಕೊನೆಗೆ ಏನೆಂದು ತಿಳಿಯಿತು" ಎಂದು ಕೇಳಿ. ಹೊಸ ಆಸ್ಪತ್ರೆಯಲ್ಲಿ ಪರಿಚಯ ಬೆಳೆಸಿಕೊಳ್ಳಲು ಇದಕ್ಕಿಂತ ಸಹಜವಾದ ನೆಪ ಇನ್ನೊಂದಿಲ್ಲ.

ಎರಡನೆಯದು, ರೋಗಿಯ ಮಾತು. 1984ರಲ್ಲಿ ಬೆಕ್‌ಮನ್ ಮತ್ತು ಫ್ರಾಂಕೆಲ್ ನಡೆಸಿದ ಅಧ್ಯಯನದಲ್ಲಿ ವೈದ್ಯರು ರೋಗಿಯ ಮೊದಲ ಮಾತನ್ನು ಸರಾಸರಿ 18 ಸೆಕೆಂಡಿಗೆ ತುಂಡರಿಸುತ್ತಿದ್ದರು. ತಡೆಯದೆ ಬಿಟ್ಟರೆ ರೋಗಿ ಗಂಟೆಗಟ್ಟಲೆ ಮಾತಾಡುತ್ತಾರೆ ಎಂಬ ಭಯ ಎಲ್ಲರಿಗೂ ಇದೆ. ಸ್ವಿಟ್ಜರ್ಲೆಂಡಿನಲ್ಲಿ ಲಾಂಗೆವಿಟ್ಸ್ ತಂಡ ಇದನ್ನು ಅಳೆದು 2002ರಲ್ಲಿ ಪ್ರಕಟಿಸಿತು: ತಡೆಯದೆ ಕೇಳಿದಾಗ ರೋಗಿಗಳು ಸರಾಸರಿ 92 ಸೆಕೆಂಡ್ ಮಾತಾಡಿ ತಾವೇ ನಿಲ್ಲಿಸಿದರು, ಶೇ 78ರಷ್ಟು ಜನ ಎರಡು ನಿಮಿಷದೊಳಗೆ ಮುಗಿಸಿದರು. ಈ ಎರಡು ನಿಮಿಷ ಕೊಟ್ಟರೆ ಹೊತ್ತು ಹೋಗುವುದಿಲ್ಲ, ಉಳಿಯುತ್ತದೆ. ಕಾರಣವಿದೆ. ಮಧ್ಯೆ ತಡೆದಾಗ ರೋಗಿ ಹೇಳಬೇಕೆಂದಿದ್ದ ಮುಖ್ಯ ಮಾತು ಬಾಗಿಲ ಹಿಡಿಕೆ ಹಿಡಿದು ಎದ್ದು ನಿಂತಾಗ ಹೊರಬರುತ್ತದೆ: "ಅಂದಹಾಗೆ ಡಾಕ್ಟರೇ, ಮೆಟ್ಟಿಲು ಹತ್ತುವಾಗ ಎದೆ ಬಿಗಿಯುತ್ತದೆ." ಆಗ ಮತ್ತೆ ಕೂರಿಸಿ, ಮತ್ತೆ ಪರೀಕ್ಷಿಸಿ, ಇಸಿಜಿ ಬರೆದು, ಹೊರಗೆ ಕಾಯುತ್ತಿರುವವರ ಅಸಮಾಧಾನ ಎದುರಿಸಬೇಕು.

ಮಾಡುವ ಕ್ರಮ ಹೀಗಿರಲಿ. ಕೈ ಕೀಲಿಮಣೆಯ ಮೇಲೆ ಬೇಡ, ಪರದೆ ಸ್ವಲ್ಪ ಪಕ್ಕಕ್ಕೆ ಸರಿಸಿ. ಎರಡು ನಿಮಿಷ ಸುಮ್ಮನೆ ಕೇಳಿ. "ಇದಲ್ಲದೆ ಇವತ್ತು ಮಾತಾಡಬೇಕಾದ ಇನ್ನೊಂದು ವಿಷಯ ಇದೆಯೇ" ಎಂದು ಆರಂಭದಲ್ಲೇ ಕೇಳಿ, ಪಟ್ಟಿ ಪೂರ್ತಿಯಾಗಲಿ. ಆಮೇಲೆ ಇಬ್ಬರೂ ಸೇರಿ ಇವತ್ತು ಯಾವುದು, ಮುಂದಿನ ಭೇಟಿಗೆ ಯಾವುದು ಎಂದು ಹಂಚಿಕೊಳ್ಳಿ. ಕೊನೆಯಲ್ಲಿ "ಅರ್ಥವಾಯಿತೇ" ಎಂದು ಕೇಳಬೇಡಿ, ಎಲ್ಲರೂ ಹೌದು ಎನ್ನುತ್ತಾರೆ. "ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಬೇಕು, ಮನೆಯಲ್ಲಿ ಈ ಮಾತ್ರೆ ಹೇಗೆ ತಗೋತೀರಿ ಹೇಳಿ" ಎಂದು ಅವರ ಬಾಯಲ್ಲೇ ಹೇಳಿಸಿ. ಇನ್ಹೇಲರ್ ಆದರೆ ಎದುರಿಗೇ ಬಳಸಿ ತೋರಿಸಲು ಹೇಳಿ. ಒತ್ತುವ ಹೊತ್ತಿಗೂ ಉಸಿರೆಳೆಯುವ ಹೊತ್ತಿಗೂ ಹೊಂದಿಕೆ ತಪ್ಪಿರುವುದು, ಉಸಿರು ಹಿಡಿಯದೆ ಬಿಟ್ಟುಬಿಡುವುದು ಅಲ್ಲೇ ಕಾಣುತ್ತದೆ. ಔಷಧ ಹೆಚ್ಚಿಸದೆ ಅಷ್ಟನ್ನೇ ತಿದ್ದಿದಾಗ ಮುಂದಿನ ಭೇಟಿಯಲ್ಲಿ ಆ ರೋಗಿಯ ಮುಖ ನೋಡುವುದು ಈ ಕೆಲಸದ ನಿಜವಾದ ಸಂಬಳಗಳಲ್ಲಿ ಒಂದು.

ಉತ್ತರ 3: ಕಡತಮುಗಿತು

ಕಂಪ್ಯೂಟರ್ ಹೊತ್ತಿನ ಪ್ರಶ್ನೆಗೆ ಉತ್ತರ. ಇದು ನಿಮ್ಮೊಬ್ಬರ ಸಮಸ್ಯೆ ಅಲ್ಲ. ಅಮೆರಿಕದಲ್ಲಿ ಸಿನ್ಸ್‌ಕಿ ತಂಡ 57 ವೈದ್ಯರ ಪಕ್ಕದಲ್ಲೇ ನಿಂತು ಸಮಯ ಅಳೆದು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗಿಯ ಎದುರಿನ ಪ್ರತಿ ಒಂದು ಗಂಟೆಗೆ ದಾಖಲೆ ಮತ್ತು ಮೇಜಿನ ಕೆಲಸಕ್ಕೆ ಸುಮಾರು ಎರಡು ಗಂಟೆ ಹೋಗುತ್ತಿತ್ತು. ಮನೆಗೆ ಹೋದ ಮೇಲೆ ಇನ್ನೂ ಒಂದೆರಡು ಗಂಟೆ.

ಹೊಸ ಆಸ್ಪತ್ರೆಯ ಸಾಫ್ಟ್‌ವೇರ್ ಬೇರೆಯಾಗಿದ್ದರೆ ಮೊದಲ ತಿಂಗಳು ಇದು ಇನ್ನೂ ಹೆಚ್ಚು. ಅಧಿಕೃತ ತರಬೇತಿ ಗುಂಡಿಗಳನ್ನು ತೋರಿಸುತ್ತದೆ, ದಾರಿ ತೋರಿಸುವುದಿಲ್ಲ. ನಿಮ್ಮ ವಿಭಾಗದಲ್ಲೇ ಅತಿ ಬೇಗ ನೋಟ್ಸ್ ಮುಗಿಸುವವರು ಯಾರೆಂದು ವಿಚಾರಿಸಿ, ಅವರ ಪಕ್ಕ ಅರ್ಧ ಗಂಟೆ ಕೂತು ಅವರು ಕೇಸ್ ಬರೆಯುವುದನ್ನು ನೋಡಿ. ಅವರ ಟೆಂಪ್ಲೇಟ್‌ಗಳನ್ನು (ನೋಟ್ಸಿನ ಸಿದ್ಧ ನಮೂನೆಗಳನ್ನು) ಕೇಳಿ ತಗೊಳ್ಳಿ. ಆಮೇಲೆ ನಿಮ್ಮ ವಿಭಾಗಕ್ಕೆ ಹೆಚ್ಚಾಗಿ ಬರುವ ಹತ್ತು ತೊಂದರೆಗಳಿಗೆ ನಿಮ್ಮದೇ ಚಿಕ್ಕ ಟೆಂಪ್ಲೇಟ್ ಮಾಡಿಕೊಳ್ಳಿ: ಸಕ್ಕರೆ ಕಾಯಿಲೆ, ರಕ್ತದೊತ್ತಡ, ಜ್ವರ, ಉಬ್ಬಸ, ಎದೆನೋವು ಹೀಗೆ. ಟೆಂಪ್ಲೇಟಿನಲ್ಲಿ "ಹೃದಯ, ಶ್ವಾಸಕೋಶ ಸಹಜ" ಎಂದು ಮೊದಲೇ ತುಂಬಿಡುವುದು ತಪ್ಪು. ಪರೀಕ್ಷಿಸದ ಅಂಗ ದಾಖಲೆಯಲ್ಲಿ ಸಹಜವಾಗಿಬಿಡುತ್ತದೆ. ಆ ಜಾಗ ಖಾಲಿ ಇರಲಿ, ಕೈಯಾರೆ ತುಂಬಿ. ನಿನ್ನೆಯ ನೋಟ್ ಕಾಪಿ ಮಾಡಿ ಇಂದಿಗೆ ಅಂಟಿಸುವುದರಲ್ಲೂ ಇದೇ ಅಪಾಯ: ನಿಲ್ಲಿಸಿದ ಆ್ಯಂಟಿಬಯೋಟಿಕ್ ನಾಲ್ಕನೇ ದಿನವೂ "ಮುಂದುವರಿಸಿ" ಎಂದೇ ಉಳಿದಿರುತ್ತದೆ.

ಒಪಿಡಿಯಲ್ಲಿ ನೋಟ್ ಅನ್ನು ಮುಂದಿನ ರೋಗಿ ಒಳಬರುವ ಮೊದಲೇ ಮುಗಿಸಿ. ಸಂಜೆಗೆ ಇಟ್ಟುಕೊಂಡರೆ ಪ್ರತಿಯೊಂದನ್ನೂ ಮತ್ತೆ ನೆನಪಿಸಿಕೊಳ್ಳಬೇಕು, ಹೊತ್ತು ಹೆಚ್ಚು ಹಿಡಿಯುತ್ತದೆ, ವಿವರ ತಪ್ಪುತ್ತದೆ. ಡಿಸ್ಚಾರ್ಜ್ ಸಮ್ಮರಿಯನ್ನು ರೋಗಿ ದಾಖಲಾದ ದಿನವೇ ತೆರೆದು ದೂರು, ಹಿನ್ನೆಲೆ, ಮೊದಲ ಪರೀಕ್ಷೆಗಳನ್ನು ತುಂಬಿಡಿ. ದಿನಕ್ಕೆ ಎರಡು ಸಾಲು ಸೇರಿಸುತ್ತ ಹೋದರೆ ಬಿಡುಗಡೆಯ ದಿನ ಔಷಧ ಪಟ್ಟಿ ಮತ್ತು ಫಾಲೋ ಅಪ್ ಮಾತ್ರ ಬಾಕಿ. ಲ್ಯಾಬ್ ಫಲಿತಾಂಶದ ಇನ್‌ಬಾಕ್ಸ್ ದಿನಕ್ಕೆ ಎರಡು ಸಲ ಗೊತ್ತಾದ ಹೊತ್ತಿಗೆ ನೋಡಿ. ತುರ್ತು ಫಲಿತಾಂಶ ಫೋನಿನಲ್ಲಿ ಬರುತ್ತದೆ ಎಂದು ಮೊದಲೇ ಖಚಿತಪಡಿಸಿಕೊಂಡಿದ್ದರೆ ಮಾತ್ರ ಇದು ಸುರಕ್ಷಿತ.

ಹೀಗೆ ಉಳಿದ ಹೊತ್ತನ್ನು ಏನು ಮಾಡಬೇಕು ಎನ್ನುವುದು ನನ್ನ ಮಟ್ಟಿಗೆ ಹೆಚ್ಚು ಮುಖ್ಯ. ಶಾನಫೆಲ್ಟ್ ತಂಡ 2009ರಲ್ಲಿ ಒಂದು ಬೋಧನಾ ಆಸ್ಪತ್ರೆಯ ವೈದ್ಯರನ್ನು ಕೇಳಿತು: ನಿಮಗೆ ಅತ್ಯಂತ ಅರ್ಥಪೂರ್ಣವಾದ ಕೆಲಸ ಯಾವುದು, ಅದಕ್ಕೆ ಎಷ್ಟು ಹೊತ್ತು ಸಿಗುತ್ತದೆ? ಶೇ 20ಕ್ಕಿಂತ ಕಡಿಮೆ ಹೊತ್ತು ಸಿಗುತ್ತಿದ್ದವರಲ್ಲಿ ಬರ್ನೌಟ್ (ಕೆಲಸದ ಒತ್ತಡದಿಂದ ಪೂರ್ತಿ ಬಸವಳಿಯುವುದು) ಶೇ 53.8, ಅದಕ್ಕಿಂತ ಹೆಚ್ಚು ಸಿಗುತ್ತಿದ್ದವರಲ್ಲಿ ಶೇ 29.9. ಒಂದರಿಂದಲೇ ಇನ್ನೊಂದು ಆಯಿತು ಎಂದು ಇದು ಸಾಬೀತು ಮಾಡುವುದಿಲ್ಲ, ಆದರೂ ಒಂದು ಗುರಿ ಕೊಡುತ್ತದೆ: ವಾರಕ್ಕೆ ಒಂದು ದಿನದಷ್ಟು. ಪೂರ್ತಿ ಕೆಲಸ ಇಷ್ಟವಾಗಬೇಕಿಲ್ಲ ಎನ್ನುವುದೇ ದೊಡ್ಡ ನಿರಾಳ. ಆ ಒಂದು ದಿನ ನಿಮ್ಮದು ಯಾವುದು ಎಂದು ಮೊದಲು ಸ್ಪಷ್ಟವಾಗಿ ಹೆಸರಿಸಿ. ವಿದ್ಯಾರ್ಥಿಗಳಿಗೆ ಕಲಿಸುವುದೇ, ಅಲ್ಟ್ರಾಸೌಂಡ್ ಮಾಡುವುದೇ, ದೀರ್ಘಕಾಲದ ಕಾಯಿಲೆಯ ರೋಗಿಗಳ ಕ್ಲಿನಿಕ್ಕೇ? ಹೆಸರಿಲ್ಲದ ಆಸೆಯನ್ನು ಯಾವ ವಿಭಾಗದ ಮುಖ್ಯಸ್ಥರೂ ರೋಸ್ಟರಿನಲ್ಲಿ (ಪಾಳಿ ಪಟ್ಟಿಯಲ್ಲಿ) ಹಾಕಲಾರರು.

ಹೊಸಪಾಳಿ:

ಎಲ್ಲರಿಗೂ ಧನ್ಯವಾದ. ಫಾಲೋ ಅಪ್ ಪಟ್ಟಿಯ ಮಾತು ನೇರವಾಗಿ ತಾಗಿತು, ಕೊರತೆ ಅದೇ. ಇನ್ನೆರಡು ಪ್ರಶ್ನೆ. ಪಾಳಿ ಮುಗಿದ ಮೇಲೂ ವಾರ್ಡಿನ ಯೋಚನೆ ಬಿಡುವುದಿಲ್ಲ, ಏನೋ ಹೇಳದೆ ಬಂದೆ ಎಂಬ ಆತಂಕ, ಇದಕ್ಕೇನು? ಹೊಸ ಜಾಗದಲ್ಲಿ ತಪ್ಪಾದರೆ ಯಾರ ಹತ್ತಿರ ಹೇಳಬೇಕು?

ಉತ್ತರ 4: ಮೂರುಗಂಟೆ

ಮೊದಲ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಮನೆಗೆ ಬರುವ ಆತಂಕ ಬಹುಪಾಲು ಹ್ಯಾಂಡೋವರ್‌ನ (ಪಾಳಿ ಮುಗಿದಾಗ ರೋಗಿಗಳನ್ನು ಮುಂದಿನವರಿಗೆ ಒಪ್ಪಿಸುವುದರ) ಸಮಸ್ಯೆ, ಮನಸ್ಸಿನದ್ದಲ್ಲ. ಹೇಳಿದ್ದು ಎದುರಿನವರ ತಲೆಗೆ ಹೋಗಿದೆ ಎಂದು ಖಾತ್ರಿಯಾದ ಕೆಲಸವನ್ನು ಮನಸ್ಸು ಬಿಟ್ಟುಕೊಡುತ್ತದೆ.

ಐ-ಪಾಸ್ ಎಂಬ ಐದು ಹೆಜ್ಜೆಯ ಕ್ರಮವಿದೆ: ರೋಗಿ ಎಷ್ಟು ಗಂಭೀರ, ಸಂಕ್ಷಿಪ್ತ ವಿವರ, ಬಾಕಿ ಕೆಲಸಗಳು, ಹೀಗಾದರೆ ಹಾಗೆ ಮಾಡಿ ಎಂಬ ಮುನ್ಸೂಚನೆ, ಕೊನೆಗೆ ಕೇಳಿಸಿಕೊಂಡವರು ತಾವೇ ತಿರುಗಿ ಹೇಳುವುದು. ಒಂಬತ್ತು ಆಸ್ಪತ್ರೆಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದನ್ನು ಜಾರಿಗೆ ತಂದ ಮೇಲೆ ವೈದ್ಯಕೀಯ ತಪ್ಪುಗಳು ಶೇ 23ರಷ್ಟು, ತಡೆಯಬಹುದಾಗಿದ್ದ ಹಾನಿಗಳು ಶೇ 30ರಷ್ಟು ಇಳಿದವು.

ಒಂದು ಹಾಸಿಗೆಯ ಮುಂದೆ ಇದು ಹೇಗೆ ಕೇಳಿಸಬೇಕೆಂದರೆ: "7ನೇ ಹಾಸಿಗೆ, ಕಣ್ಣಿಡಬೇಕಾದವರು. ಹಳೆಯ ಕಿಡ್ನಿ ಕಾಯಿಲೆ, ಮೂರು ದಿನದ ಭೇದಿಯಿಂದ ಕ್ರಿಯಾಟಿನಿನ್ ಏರಿದೆ, ಸಂಜೆ ಪೊಟ್ಯಾಸಿಯಂ 5.8 ಇತ್ತು. ರಾತ್ರಿ 8ಕ್ಕೆ ಕಳಿಸಿದ ಸ್ಯಾಂಪಲ್ ಫಲಿತಾಂಶ 9ಕ್ಕೆ ನೀವು ನೋಡಬೇಕು. 6 ದಾಟಿದ್ದರೆ ಮೊದಲು ಇಸಿಜಿ. ಟಿ ಅಲೆ ಚೂಪಾಗಿದ್ದರೆ, ಕ್ಯೂಆರ್‌ಎಸ್ ಅಗಲವಾಗಿದ್ದರೆ ಕ್ಯಾಲ್ಸಿಯಂ ಗ್ಲುಕೊನೇಟ್, ಆಮೇಲೆ ಇನ್ಸುಲಿನ್ ಜೊತೆ ಡೆಕ್ಸ್ಟ್ರೋಸ್, ಸಕ್ಕರೆ ಗಂಟೆಗೊಮ್ಮೆ ನೋಡಿ. ನೆಫ್ರಾಲಜಿಯವರಿಗೆ ಕೇಸ್ ಗೊತ್ತಿದೆ." ಇಷ್ಟಾದ ಮೇಲೆ ಎದುರಿನವರು ತಮ್ಮ ಮಾತಿನಲ್ಲಿ ಹೇಳುವವರೆಗೆ ನಿಲ್ಲಿ. ಹೊಸಬರು ಬಿಟ್ಟುಬಿಡುವುದು ಈ ಕೊನೆಯ ಹೆಜ್ಜೆಯನ್ನೇ, ಸೀನಿಯರ್‌ಗೆ ತಿರುಗಿ ಹೇಳಿ ಎನ್ನಲು ಸಂಕೋಚ. "ನಾನೇನಾದರೂ ಬಿಟ್ಟೆನೇ ನೋಡಬೇಕು, ಒಮ್ಮೆ ಹೇಳಿಬಿಡಿ" ಎಂದರೆ ಯಾರಿಗೂ ಬೇಸರವಾಗುವುದಿಲ್ಲ. "ಪೊಟ್ಯಾಸಿಯಂ ಸ್ವಲ್ಪ ನೋಡ್ಕೊಳ್ಳಿ" ಎಂದಷ್ಟೇ ಹೇಳಿ ಬಂದರೆ ಆತಂಕ ಮನೆವರೆಗೆ ಬಂದೇ ಬರುತ್ತದೆ, ಬರಬೇಕಾದದ್ದೇ.

ರಾತ್ರಿ ಪಾಳಿಯ ಬಗ್ಗೆಯೂ ಒಂದು ಮಾತು, ಏಕೆಂದರೆ ನಿದ್ದೆಗೆಟ್ಟ ದೇಹ ಎಲ್ಲ ಕೆಲಸವನ್ನೂ ನಿರರ್ಥಕ ಅನ್ನಿಸುವಂತೆ ಮಾಡುತ್ತದೆ. ಸತತ 17 ಗಂಟೆ ಎಚ್ಚರವಿದ್ದವರ ಕಾರ್ಯಕ್ಷಮತೆ, ರಕ್ತದಲ್ಲಿ ಶೇ 0.05 ಮದ್ಯಸಾರ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು ಡಾಸನ್ ಮತ್ತು ರೀಡ್ 1997ರಲ್ಲೇ ತೋರಿಸಿದ್ದಾರೆ. ಮೊದಲ ರಾತ್ರಿ ಪಾಳಿಗೆ ಹೋಗುವ ದಿನ ಮಧ್ಯಾಹ್ನ ಒಂದೂವರೆ ಗಂಟೆ ಮಲಗಿ. ಪಾಳಿಯ ನಡುವೆ ಅವಕಾಶ ಸಿಕ್ಕರೆ 20 ನಿಮಿಷ ಸಾಕು. ಮುಕ್ಕಾಲು ಗಂಟೆ ಮಲಗಿ ಎದ್ದರೆ ಗಾಢ ನಿದ್ದೆಯಿಂದ ಎದ್ದ ಮಂಕು ಹಿಡಿದು ನಿರ್ಧಾರ ತಪ್ಪುತ್ತದೆ. ಕೆಫೀನ್‌ನ ಅರ್ಧಾಯು ಸುಮಾರು 5 ಗಂಟೆ, ಆದ್ದರಿಂದ ಬೆಳಿಗ್ಗೆ 9ಕ್ಕೆ ಮಲಗುವವರು ಬೆಳಗಿನ ಜಾವ 3 ಗಂಟೆಯ ನಂತರ ಕಾಫಿ ನಿಲ್ಲಿಸಬೇಕು. 3ರಿಂದ 5ರ ನಡುವೆ ಔಷಧದ ಲೆಕ್ಕವನ್ನು ಒಬ್ಬರೇ ಮಾಡಬೇಡಿ, ನರ್ಸ್ ಹತ್ತಿರ ಗಟ್ಟಿಯಾಗಿ ಹೇಳಿ ತಾಳೆ ನೋಡಿ. ಪಾಳಿ ಮುಗಿಸಿ ತೂಕಡಿಸುತ್ತ ಗಾಡಿ ಓಡಿಸುವುದು ಬೇಡವೇ ಬೇಡ. ಕೆಲಸ ಬಿಡಬೇಕೆಂಬ ನಿರ್ಧಾರವನ್ನೂ ರಾತ್ರಿ ಪಾಳಿಯ ವಾರದಲ್ಲಿ ತೆಗೆದುಕೊಳ್ಳಬೇಡಿ. ಎರಡು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ ಮೇಲೆ ಅದೇ ಯೋಚನೆ ಉಳಿದಿದ್ದರೆ ಆಗ ಕೈಗೆತ್ತಿಕೊಳ್ಳಿ.

ಉತ್ತರ 5: ವಾರ್ಡ್‌ಟಿಪ್ಪಣಿ

ತಪ್ಪಿನ ವಿಷಯ. ಮೊದಲ ಗಂಟೆ ರೋಗಿಯದ್ದು: ಹಾನಿ ತಡೆಯಿರಿ, ಸೀನಿಯರ್‌ಗೆ ತಕ್ಷಣ ತಿಳಿಸಿ, ನಡೆದದ್ದನ್ನು ಸಮಯ ಹಾಕಿ ದಾಖಲಿಸಿ. ಬರೆದದ್ದನ್ನು ಆಮೇಲೆ ತಿದ್ದಬೇಡಿ. ಸೇರಿಸುವುದಿದ್ದರೆ ಹೊಸ ಸಮಯ ಹಾಕಿ ಹೊಸದಾಗಿ ಬರೆಯಿರಿ. ರೋಗಿಗೆ ಅಥವಾ ಮನೆಯವರಿಗೆ ಏನಾಯಿತೆಂದು ಸೀನಿಯರ್ ಜೊತೆಗೂಡಿ ಹೇಳಿ, ಒಬ್ಬರೇ ಹೋಗಬೇಡಿ. ಆ ಆಸ್ಪತ್ರೆಯಲ್ಲಿ ಘಟನೆ ವರದಿ ಮಾಡುವ ವ್ಯವಸ್ಥೆ ಎಲ್ಲಿದೆ ಎಂಬುದು ನಿಮ್ಮ ಜೇಬಿನ ಹಾಳೆಯಲ್ಲಿ ಮೊದಲೇ ಇರಬೇಕು.

ಆಮೇಲಿನ ದಿನಗಳು ನಿಮ್ಮವು. ತಪ್ಪಿನಲ್ಲಿ ಭಾಗಿಯಾದ ವೈದ್ಯರೂ ಗಾಯಗೊಳ್ಳುತ್ತಾರೆ ಎಂದು ಆಲ್ಬರ್ಟ್ ವೂ 2000ರಲ್ಲಿ ಬರೆದರು. ರೋಗಿಯ ನಂತರದ ಎರಡನೇ ಸಂತ್ರಸ್ತ ಎಂದು ಕರೆದರು. ನಿದ್ದೆಗೇಡು, ಅದೇ ದೃಶ್ಯ ಮತ್ತೆ ಮತ್ತೆ ಬರುವುದು, ಮುಂದಿನ ರೋಗಿಗೆ ಬೇಡದ ಪರೀಕ್ಷೆಗಳನ್ನೆಲ್ಲ ಬರೆಯುವುದು ಇದರ ಲಕ್ಷಣ. ಇದನ್ನು ಹೇಳಿಕೊಳ್ಳಲು ನಿಮ್ಮ ಮೌಲ್ಯಮಾಪನ ಮಾಡದ ಒಬ್ಬ ಸಹೋದ್ಯೋಗಿ ಬೇಕು, ಬೇರೆ ವಿಭಾಗದವರಾದರೂ ಸರಿ. ಅಂಥವರನ್ನು ತಪ್ಪಾಗುವ ಮೊದಲೇ ಗುರುತಿಸಿಕೊಳ್ಳಿ, ವಾರಕ್ಕೊಮ್ಮೆ ಅರ್ಧ ಗಂಟೆ ಜೊತೆಗೆ ಕೂರುವ ರೂಢಿ ಮಾಡಿಕೊಳ್ಳಿ. ಕೆಲವು ಆಸ್ಪತ್ರೆಗಳಲ್ಲಿ ಬಾಲಿಂಟ್ ಗುಂಪುಗಳಿವೆ. ಮೈಕೆಲ್ ಮತ್ತು ಈನಿಡ್ ಬಾಲಿಂಟ್ 1950ರ ದಶಕದಲ್ಲಿ ಲಂಡನ್ನಿನಲ್ಲಿ ಬೆಳೆಸಿದ ಕ್ರಮ ಇದು: ಎಂಟು ಹತ್ತು ವೈದ್ಯರು ಸುತ್ತ ಕೂತು, ಒಬ್ಬರು ಕಾಗದ ನೋಡದೆ ಒಂದು ಕೇಸ್ ಹೇಳುತ್ತಾರೆ, ಚರ್ಚೆ ರೋಗನಿರ್ಣಯದ ಮೇಲಲ್ಲ, ಆ ರೋಗಿಯ ಜೊತೆಗಿನ ಸಂಬಂಧದ ಮೇಲೆ. ನಿಮ್ಮಲ್ಲಿ ಇಲ್ಲದಿದ್ದರೆ ನಾಲ್ಕು ಜನ ಸೇರಿ ಶುರುಮಾಡಬಹುದು, ಹೊರಗಿನ ಒಬ್ಬ ಅನುಭವಿ ನಡೆಸಿಕೊಟ್ಟರೆ ಸಾಕು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಬರ್ನೌಟ್ ಅನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ವರ್ಗೀಕರಣದ ಪಟ್ಟಿ ಐಸಿಡಿ-11ರಲ್ಲಿ ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಸೇರಿಸಿದೆ, ಕಾಯಿಲೆ ಎಂದಲ್ಲ. ಆದರೆ ರಜೆಯ ದಿನವೂ ಯಾವುದರಲ್ಲೂ ಆಸಕ್ತಿ ಇಲ್ಲ, ಎರಡು ವಾರದಿಂದ ಮನಸ್ಸು ಕುಗ್ಗಿದೆ, ನಿದ್ದೆ ಹಸಿವು ಕೆಟ್ಟಿದೆ ಎಂದಾದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಟೆಂಪ್ಲೇಟೂ ರೋಸ್ಟರೂ ಔಷಧವಲ್ಲ. ಇನ್ನೊಬ್ಬ ವೈದ್ಯರನ್ನು ಕಾಣಿ, ನಿಮಗೆ ನೀವೇ ಮಾತ್ರೆ ಬರೆದುಕೊಳ್ಳಬೇಡಿ. ಸಾಯುವ ಯೋಚನೆ ಬಂದರೆ ಅದೇ ದಿನ, ಅದೇ ಗಂಟೆ ಯಾರಿಗಾದರೂ ಹೇಳಿ. ಪಾಳಿಯನ್ನು ಬೇರೆಯವರು ನೋಡಿಕೊಳ್ಳುತ್ತಾರೆ. ವೈದ್ಯರ ಜಿನೀವಾ ಪ್ರತಿಜ್ಞೆಗೆ 2017ರಲ್ಲಿ ವೈದ್ಯರು ತಮ್ಮ ಸ್ವಂತ ಆರೋಗ್ಯವನ್ನೂ ನೋಡಿಕೊಳ್ಳಬೇಕೆಂಬ ಸಾಲು ಸೇರಿದೆ. ಇದು ಕರ್ತವ್ಯದ ಭಾಗವೇ.

ಉತ್ತರ 6: ಕಡತಮುಗಿತು

ಮೂರನೇ ತಿಂಗಳ ಕೊನೆಗೆ ವಿಭಾಗದ ಮುಖ್ಯಸ್ಥರ ಹತ್ತಿರ ಇಪ್ಪತ್ತು ನಿಮಿಷ ಕೇಳಿ. ರೌಂಡ್ಸ್ ನಡುವೆ ಕಾರಿಡಾರಿನಲ್ಲಿ ಬೇಡ, ಸಮಯ ಗೊತ್ತುಮಾಡಿ ಬಾಗಿಲು ಮುಚ್ಚಿ ಕೂತು ಮಾತಾಡಿ. ಒಯ್ಯಬೇಕಾದದ್ದು ಆ ಆರು ಅಂಶಗಳ ಅಂಕ, ಎರಡು ವಾರದ ಸಮಯದ ಲೆಕ್ಕ (ರೋಗಿ ಎದುರು ಎಷ್ಟು, ಪರದೆ ಎದುರು ಎಷ್ಟು), ಮತ್ತು ಒಂದೇ ಒಂದು ಕೋರಿಕೆ. "ಕೆಲಸ ಹೆಚ್ಚು" ಎಂದರೆ "ಎಲ್ಲರಿಗೂ ಹೆಚ್ಚೇ" ಎಂಬ ಉತ್ತರ ಬರುತ್ತದೆ. "ಗುರುವಾರದ ಮಧ್ಯಾಹ್ನದ ಒಪಿಡಿಯಲ್ಲಿ ಅರ್ಧವನ್ನು ನನ್ನದೇ ಫಾಲೋ ಅಪ್ ರೋಗಿಗಳಿಗೆ ಎಂಟು ವಾರ ಮೀಸಲಿಡಿ, ಒಟ್ಟು ರೋಗಿಗಳ ಸಂಖ್ಯೆ ಇಳಿಯದಂತೆ ಬುಧವಾರ ಇಬ್ಬರನ್ನು ಹೆಚ್ಚು ನೋಡುತ್ತೇನೆ, ಎಂಟು ವಾರದ ನಂತರ ಲೆಕ್ಕ ತೋರಿಸುತ್ತೇನೆ" ಎಂದರೆ ಒಪ್ಪುವುದೂ ಸುಲಭ, ಬೇಡವೆನ್ನಲು ಕಾರಣ ಹೇಳಬೇಕಾಗುತ್ತದೆ. ಒಪ್ಪಿದ್ದನ್ನು ಅದೇ ಸಂಜೆ ಎರಡು ಸಾಲಿನ ಇಮೇಲ್‌ನಲ್ಲಿ ಬರೆದು ಕಳಿಸಿ, ರೋಸ್ಟರ್ ಮಾಡುವವರಿಗೂ ಒಂದು ಪ್ರತಿ ಹೋಗಲಿ. ಆ ಪ್ರತಿ ಹೋಗದಿದ್ದರೆ ಮುಂದಿನ ತಿಂಗಳ ರೋಸ್ಟರ್ ಹಳೆಯದರಂತೆಯೇ ಬರುತ್ತದೆ.